ಬಾಗಿಲು ಹಾಕುವ ದೃಶ್ಯ

ಮನೆಮಗಳು ಬೇರೆ ದೇಶದ, ಬೇರೆ ಬಣ್ಣದ ಹುಡುಗನನ್ನು ಮೆಚ್ಚಿಕೊಳ್ಳುವ ತಮಾಷೆ ಸಿನಿಮಾ ಎಂದರೆ ಪಕ್ಕದ ಮನೆ ದೊಡ್ಡಮ್ಮನಿಗೆ ಪಂಚಪ್ರಾಣ. ಸಿನಿಮಾದ ತಾಯಿ ಮೂಗು ಮುರಿದರೆ ಸಾಕು, "ಅವ್ನು ಬಂದ್ರೆ ನಿನ್ ಗಂಟೇನು ಹೋಗುತ್ತೆ?" ಎಂದು ಸೋಫಾದಿಂದಲೇ ಗದರುತ್ತಾರೆ. ಪಕ್ಕದಲ್ಲಿ ಕೂತ ಕೆಂಚುಗೂದಲ ಅಳಿಯನಿಗೆ ನಮ್ಮ ಭಾಷೆಯಲ್ಲಿ ಬರುವುದು "ಹೂಂ ಅತ್ತೆ" ಒಂದೇ. ಜೋರಾಗಿ ಹೇಳಿದರೆ ಅರ್ಥವಾದೀತೆಂದು ಕಥೆಯನ್ನೆಲ್ಲ ಇಡೀ ಬೀದಿಗೆ ಕೇಳುವಂತೆ ಬಿಡಿಸಿ ಹೇಳುತ್ತಾರೆ. ಆದರೆ ಆ ತಾಯಿ ಹುಡುಗನ ಮುಖಕ್ಕೇ ಬಾಗಿಲು ಹಾಕುವ ದೃಶ್ಯ ಬಂತೋ, ದೊಡ್ಡಮ್ಮನ ಕೈ ರಿಮೋಟಿಗಾಗಿ ತಡಕಾಡುತ್ತದೆ. ಅಳಿಯ ಮೊದಲ ಸಲ ಬಂದಾಗ ಅವರೂ ಹಾಗೇ ಬಾಗಿಲು ಹಾಕಿದ್ದರು. ರಿಮೋಟು ಸಿಗುವಷ್ಟರಲ್ಲಿ ಅವನೇ, ಬಾಯಾರಿದವನಂತೆ, ಅಡುಗೆಮನೆಗೆ ಎದ್ದು ಹೋಗಿರುತ್ತಾನೆ; ದೃಶ್ಯ ಮುಗಿದ ಮೇಲೆ ಬರುತ್ತಾನೆ, ಕೈಯಲ್ಲಿ ಎರಡು ಲೋಟ ನೀರು.