ನಾಯಿ ಕಿವಿ ಕಾಲರಿನ ಅಂಗಿ

ನಾನು ಹಳೇ ಬಟ್ಟೆ ಹಾಕಿಕೊಳ್ಳುವವನು. ಬಡತನದಿಂದಲ್ಲ, ಶೋಕಿಯಿಂದ. ಈ ಮಾತನ್ನು ಹೊಸೂರಿನಲ್ಲಿ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ ನೆನಪಿಲ್ಲ, ನಂಬಿದವರು ಮಾತ್ರ ಒಬ್ಬರೂ ಇಲ್ಲ. ದುಡ್ಡು ಕೊಟ್ಟು ಇನ್ನೊಬ್ಬರು ತೊಟ್ಟು ಬಿಟ್ಟ ಅಂಗಿ ತರುವವನು ಒಂದೋ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಅವನಿಗೆ ತಲೆ ಕೆಟ್ಟಿರಬೇಕು ಎಂಬುದು ನಮ್ಮೂರಿನ ತೀರ್ಮಾನ. ನಮ್ಮಮ್ಮ ಎರಡೂ ನಿಜವಿರಬಹುದು ಅನ್ನುತ್ತಾಳೆ.

ಆಗೊಂದು ಈಗೊಂದು ಭಾನುವಾರ ಗಡಿ ದಾಟಿ ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿ ನನ್ನ ಮೆಚ್ಚಿನ ಅಂಗಡಿಯೊಂದಿದೆ. ಊದುಬತ್ತಿ ಹಚ್ಚಿ, ದೀಪ ಮಂದ ಮಾಡಿ, ಹಳೇ ಬಟ್ಟೆಗಳನ್ನು ಮರದ ಹ್ಯಾಂಗರಿಗೆ ತೂಗುಹಾಕಿರುತ್ತಾರೆ. ಒಳಗೆ ಬಂದವರೆಲ್ಲ ಗರ್ಭಗುಡಿಯ ಮುಂದೆ ನಿಂತವರ ಹಾಗೆ ದನಿ ತಗ್ಗಿಸುತ್ತಾರೆ. ಒಂದೊಂದು ಅಂಗಿಯ ಕೊರಳಿಗೂ ಒಂದು ಚೀಟಿ: 'ಪ್ರೀತಿಯಿಂದ ಬಳಸಿದ್ದು'. ಯಾರ ಪ್ರೀತಿ, ಆ ಮನುಷ್ಯ ಈಗ ಇದ್ದಾನೋ ಇಲ್ಲವೋ ಎಂಬುದನ್ನು ಬರೆದಿರುವುದಿಲ್ಲ. ಬೆಲೆ ಹೊಸ ಅಂಗಿಗಿಂತ ಜಾಸ್ತಿ, ಯಾಕೆಂದರೆ ಅದು ವಿಂಟೇಜು. ಅದೇ ಅಂಗಿಯನ್ನು ಹೊಸೂರಿನ ಅವಲಪಲ್ಲಿಯ ನಮ್ಮ ಬೀದಿಯಲ್ಲಿ 'ಹಳೇ ಬಟ್ಟೆಗೆ ಪಾತ್ರೇ' ಎಂದು ಕೂಗುತ್ತಾ ಬರುವವನ ಗಂಟಿನ ಮುಂದೆ ಇಟ್ಟರೆ, ಅದಕ್ಕೊಂದು ಸ್ಟೀಲ್ ಲೋಟ ಕೊಡಲೂ ಅವನು ಹಿಂದೆ ಮುಂದೆ ನೋಡುತ್ತಾನೆ. ಆ ಗಂಟು ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸುವುದಿಲ್ಲ. ಯೋಚಿಸಿದರೆ, ನಮ್ಮ ಬೀದಿಯಿಂದಲೇ ಹೋದದ್ದನ್ನು ನಾನೇ ದುಡ್ಡು ಕೊಟ್ಟು ವಾಪಸ್ ತರುತ್ತಿದ್ದೇನೆಯೇ ಎಂಬ ಅನುಮಾನ ಬರುತ್ತದೆ.

ಹೋದ ವರ್ಷ ಅಲ್ಲಿ ಒಂದು ಅಂಗಿ ಸಿಕ್ಕಿತು. ಕಾಫಿಪುಡಿ ಬಣ್ಣ, ಬಿಳಿ ಗೀಟು, ಎದೆಯವರೆಗೂ ಇಳಿಬಿದ್ದ ನಾಯಿ ಕಿವಿಯಂಥ ಕಾಲರು. ಕಾಲರನ್ನು ಎತ್ತಿ ನೋಡಿದರೆ ಒಳಗೆ ಮಡಿವಾಳರು ಹಾಕುವ ಕಪ್ಪು ಗುರುತು, ಒಂದು ಗೆರೆ ಮತ್ತು ಮೂರು ಚುಕ್ಕಿ. ಅಸಲಿ ಹಳೇ ಅಂಗಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಾನು ಆ ಗುರುತನ್ನು ಸಿಕ್ಕಸಿಕ್ಕವರಿಗೆಲ್ಲ ಕಾಲರ್ ಮಗುಚಿ ತೋರಿಸಿದೆ. ಅಂಗಿಗೆ ಜೊತೆಯಾಗಿ ನನ್ನ ಕೈಯಲ್ಲಿ ಕೀ ಕೊಡುವ ಹಳೇ ಗಡಿಯಾರ. ಅದಕ್ಕೆ ದಿನಾ ಬೆಳಿಗ್ಗೆ ಭಕ್ತಿಯಿಂದ ಕೀ ಕೊಟ್ಟು, ಟೈಮು ಮೊಬೈಲಿನಲ್ಲಿ ನೋಡಿಕೊಳ್ಳುತ್ತೇನೆ.

ನಾನು ಪಾಠ ಹೇಳುವ ಖಾಸಗಿ ಕಾಲೇಜಿಗೆ ಆ ಅಂಗಿ ತೊಟ್ಟು ಹೋದ ದಿನ ಗಣಿತದ ಮೇಷ್ಟ್ರು ಮೇಲಿಂದ ಕೆಳಗೆ ನೋಡಿ, "ಎನ್ನ ಸಾರ್, ಅಪ್ಪಾ ಸಟ್ಟೈಯಾ?" ಎಂದು ತಮಿಳಿನಲ್ಲಿ ವಿಚಾರಿಸಿದರು. ಅಪ್ಪನ ಅಂಗಿಯಲ್ಲ ಸಾರ್, ಕೊಂಡುಕೊಂಡದ್ದು ಎಂದೆ. ಅವರ ಮುಖದಲ್ಲಿದ್ದ ನಗು ಮರುಕವಾಗಿ ಬದಲಾಯಿತು. ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿ, ಬಾಗಿಲು ಹಾಕಿಸಿ, ಮನೆಯಲ್ಲಿ ಎಲ್ಲಾ ಸೌಖ್ಯವೇ, ಏನಾದರೂ ತೊಂದರೆಯಿದ್ದರೆ ಸಂಕೋಚಪಡಬೇಡಿ ಎಂದರು. ಹಳೆಯದನ್ನು ಮತ್ತೆ ಬಳಸುವುದರಲ್ಲಿ ಒಂದು ಘನತೆಯಿದೆ, ಭೂಮಿಗೂ ಒಳ್ಳೆಯದು ಎಂದು ನಾನು ಒಂದು ಸಣ್ಣ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಮುಂದಿನ ತಿಂಗಳ ಸಂಬಳ ಬೇಕಿದ್ದರೆ ಮುಂಗಡವಾಗಿ ಕೊಡಿಸುತ್ತೇನೆ ಎಂದರು.

ಕಾಲೇಜಿನ ಮಾತು ಹಾಗಿರಲಿ. ಮನೆಯ ಮರ್ಯಾದೆಗೆ ಪೆಟ್ಟು ಬಿದ್ದದ್ದು ಪಕ್ಕದ ಮನೆಯಾಕೆಯಿಂದ. ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಕಪಟವಿಲ್ಲ. ಒಂದು ದಿನ ಕೈಯಲ್ಲಿ ತುಂಬಿದ ಚೀಲ ಹಿಡಿದು ಬಂದು ಅಮ್ಮನ ಮುಂದೆ ಇಟ್ಟಳು.

"ನಮ್ಮೆಜಮಾನ್ರ ಅಂಗಿಗಳು ಅಕ್ಕ. ಪಾತ್ರೆಯೋನ್ಗೆ ಹಾಕಕ್ಕೆ ಮನ್ಸು ಬರ್ಲಿಲ್ಲ. ನಿಮ್ಮ ಹುಡುಗ ಹಾಕ್ಕೊಂತಾನಲ್ಲ ಅಂತ ತಂದೆ."

ಅಮ್ಮ ನಗುನಗುತ್ತಲೇ ಚೀಲ ಇಸಿದುಕೊಂಡು, ಆಕೆಗೆ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು.

"ಮೂವತ್ತು ದಾಟ್ತು ನಿಂಗೆ. ಬೀದಿಯೋರು ಬಟ್ಟೆ ದಾನ ಕೊಡೋ ಹಂಗೆ ಮಾಡ್ಬುಟ್ಯಲ್ಲೋ. ನಮ್ಮಪ್ಪನ ಮನೆನಾಗೆ ನಾವು ಹಬ್ಬಕ್ಕೊಂದು ಹೊಸ್ದು ಉಟ್ಟೋರು. ಯಾರ ಹೆಣದ ಮೇಲಿದ್ದಿದ್ದೋ ಏನೋ, ಅದನ್ನ ತಂದು ನನ್ನ ಬೀರುನಾಗೆ ಇಡ್ತೀಯ."

"ಅಮ್ಮ, ಇದು ಈಗಿನ ಫ್ಯಾಷನ್ನು."

"ಫ್ಯಾಷನ್ನು ಅಂತ ಆ ಅಮ್ಮಂಗೆ ಹೇಳು ಹೋಗು. ನಾಳೆ ಪ್ಯಾಂಟೂ ತತ್ತಾಳೆ."

ಅವತ್ತಿನಿಂದ ಅಮ್ಮ ತನ್ನದೇ ಒಂದು ಉಪಾಯ ಹಿಡಿದಳು. ನಾನು ತಂದ ಹಳೇ ಅಂಗಿಯನ್ನು ಉಪ್ಪು ಅರಿಶಿನ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಸುತ್ತಿದ್ದಳು. ಆಮೇಲೆ ಅಪ್ಪನ ಹೊಸ ಅಂಗಿಗಳ ಡಬ್ಬಿಯಿಂದ ಉಳಿಸಿಟ್ಟ ರಟ್ಟನ್ನು ಕಾಲರಿನೊಳಗೆ ಸಿಕ್ಕಿಸಿ, ಗುಂಡುಸೂಜಿ ಚುಚ್ಚಿ, ಹೊಸೂರಿನ ದೊಡ್ಡ ಜವಳಿ ಅಂಗಡಿಯ ಕವರಿನೊಳಗೆ ಇಡುತ್ತಿದ್ದಳು. ನಾಲ್ಕು ಜನ ಸೇರುವ ಕಡೆ ಹೋಗುವಾಗ ಕವರ್ ಕೈಯಲ್ಲಿ ಹಿಡಿದು, ಎಲ್ಲರ ಎದುರಿಗೇ ಗುಂಡುಸೂಜಿ ಕಿತ್ತು ನನಗೆ ಕೊಡುತ್ತಿದ್ದಳು. ದುಡ್ಡು ಸುರಿದು ಹಳೆಯದಾಗಿ ಕಾಣಲು ನಾನು ಒದ್ದಾಡುತ್ತಿದ್ದರೆ, ಅದನ್ನು ಹೊಸದಾಗಿ ಕಾಣಿಸಲು ಅಮ್ಮ ಒದ್ದಾಡುತ್ತಿದ್ದಳು. ಇಬ್ಬರ ನಡುವೆ ಆ ಅಂಗಿಯ ಪಾಡು ನಾಯಿಪಾಡಾಯಿತು.

ಹೀಗಿರುವಾಗ ಹಿರಿಯರ ಹಬ್ಬ ಬಂತು. ಕೆಲಮಂಗಲದ ಆಚೆ ನಮ್ಮ ಅಪ್ಪನ ಊರು. ಅಜ್ಜಿ ಅಲ್ಲಿ ಚಿಕ್ಕಪ್ಪನ ಜೊತೆ ಇದ್ದಾಳೆ. ಪಿತೃಪಕ್ಷದ ಅಮಾವಾಸ್ಯೆಗೆ ನಾವೆಲ್ಲ ಅಲ್ಲಿ ಸೇರುತ್ತೇವೆ. ತೀರಿಕೊಂಡ ತಾತನ ಫೋಟೋದ ಮುಂದೆ ಎಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುವುದು. ಮುದ್ದೆ, ಮಟನ್ ಸಾರು, ವಡೆ, ಪಾಯಸ, ಒಂದು ಕಟ್ಟು ಬೀಡಿ, ಸಣ್ಣದೊಂದು ಬ್ರಾಂದಿ ಬಾಟಲಿ. ಎಡೆಯ ಪಕ್ಕದಲ್ಲಿ ಹೊಸ ಬಟ್ಟೆ. ಸಾಂಬ್ರಾಣಿ ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಆಚೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಂಡು, ಬಟ್ಟೆ ಉಟ್ಟು ಹೋಗುತ್ತಾರೆ ಎಂದು ನಂಬಿಕೆ. ಆಮೇಲೆ ಆ ಬಟ್ಟೆಯನ್ನು ಮನೆಯವರು ಹಾಕಿಕೊಳ್ಳಬೇಕು. ಸತ್ತವರು ಉಟ್ಟು ಬಿಟ್ಟದ್ದನ್ನು ಇಡೀ ಸೀಮೆ ಭಕ್ತಿಯಿಂದ ಹಾಕಿಕೊಳ್ಳುತ್ತದೆ, ನಾನೊಬ್ಬ ಹಾಕಿಕೊಂಡರೆ ತಪ್ಪೇ ಎಂದು ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ. ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು.

ಎಡೆಗೆ ಪಂಚೆ ಟವಲ್ಲು ಚಿಕ್ಕಪ್ಪನ ಪಾಲು. ಅಂಗಿ ತರುವುದು ಹಿರೀಸೊಸೆಯಾದ ನಮ್ಮಮ್ಮನ ಪಾಲು. ಆ ಅಂಗಿ ಹೊಸದೇ ಆಗಿರಬೇಕು ಎಂಬುದರಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಅದರ ಹಿಂದೆ ಒಂದು ಕತೆಯಿದೆ, ಪ್ರತಿ ವರ್ಷ ಬಟ್ಟೆ ಜೋಡಿಸುವಾಗ ಅಜ್ಜಿ ಅದನ್ನು ಹೇಳುತ್ತಾಳೆ.

ತಾತ ಕೆಲಮಂಗಲದಲ್ಲಿ ಒಬ್ಬ ರೇಷ್ಮೆಗೂಡಿನ ವ್ಯಾಪಾರಿಯ ಹತ್ತಿರ ಮೂಟೆ ಹೊರುತ್ತಿದ್ದ. ಯಜಮಾನರ ಮನೆಯಿಂದ ಕೊಟ್ಟ ಹಳೇ ಅಂಗಿಯೇ ಅವನಿಗೆ ಗತಿ. ಒಮ್ಮೆ ಅಜ್ಜಿಯೂ ಅವನೂ ಜವಳಗಿರಿಯಲ್ಲಿ ಒಂದು ಮದುವೆಗೆ ಹೋದರು. ಪಂಕ್ತಿಯಲ್ಲಿ ಕೂತು, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಎದುರು ಸಾಲಿನಲ್ಲಿದ್ದ ಯಜಮಾನರ ಮಗ, "ಅದು ನನ್ನಂಗಿ ಅಲ್ವೇನ್ಲಾ? ಇರ್ಲಿ ಬಿಡು, ನಂಗಿಂತ ನಿಂಗೇ ಒಪ್ತೈತೆ" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತಾತ ಎಲೆ ಮುಂದಿನಿಂದ ಎದ್ದ. ಅಜ್ಜಿಯೂ ಎದ್ದಳು. ಆನೆ ಓಡಾಡುವ ಕಾಡಿನ ದಾರಿಯಲ್ಲಿ ಇಬ್ಬರೂ ಹಸಿದುಕೊಂಡು ಊರಿಗೆ ನಡೆದರು. ಆಮೇಲೆ ತಾತ ಬದುಕಿರುವ ತನಕ ಅಂಗಿಯನ್ನೇ ತೊಡಲಿಲ್ಲ. ಫೋಟೋದಲ್ಲೂ ಹೆಗಲ ಮೇಲೊಂದು ಟವಲ್ಲು, ಅಷ್ಟೇ. ಪಾಯಸ ಆಗತಾನೇ ಹಾಕಿದ್ದರು, ಬಿಸಿ ಇತ್ತು ಎಂಬುದನ್ನು ಅಜ್ಜಿ ಒಂದು ವರ್ಷವೂ ಬಿಡದೆ ಹೇಳುತ್ತಾಳೆ. ಬದುಕಿದ್ದಾಗ ಒಂದು ಹೊಸ ಅಂಗಿ ಕೊಡಿಸಲಾಗಲಿಲ್ಲ, ಸತ್ತ ಮೇಲಾದರೂ ಹಾಕಿಕೊಳ್ಳಲಿ ಎಂಬುದು ಅವಳ ಹಟ.

ಆ ದಿನ ಅಮ್ಮನ ಚೀಲದಲ್ಲಿ ಎರಡು ಕವರಿದ್ದವು. ಒಂದರಲ್ಲಿ ತಾತನಿಗೆಂದು ಕೊಂಡ ಹೊಸ ಬಿಳಿ ಅಂಗಿ. ಇನ್ನೊಂದರಲ್ಲಿ ಊಟದ ಹೊತ್ತಿಗೆ ನಾನು ಹಾಕಿಕೊಳ್ಳಬೇಕಿದ್ದ ನಾಯಿ ಕಿವಿ ಕಾಲರಿನ ಅಂಗಿ, ರಟ್ಟು ಗುಂಡುಸೂಜಿ ಸಮೇತ. ಎರಡೂ ಒಂದೇ ಜವಳಿ ಅಂಗಡಿಯ ಕವರು. ಅಮ್ಮ ಒಲೆಯ ಮುಂದೆ ವಡೆ ಕರಿಯುತ್ತಿದ್ದಳು. ಅಜ್ಜಿ ತಾನೇ ಚೀಲಕ್ಕೆ ಕೈಹಾಕಿ ಕೈಗೆ ಸಿಕ್ಕ ಕವರನ್ನು ತೆಗೆದುಕೊಂಡು ಹೋಗಿ ತಾತನ ಫೋಟೋದ ಮುಂದೆ ಕೂತಳು.

ನಾನು ಧೂಪಕ್ಕೆ ಕೆಂಡ ಹಿಡಿದು ಬಂದಾಗ ನೋಡಿದೆ. ಅಜ್ಜಿಯ ತೊಡೆಯ ಮೇಲೆ ಕಾಫಿಪುಡಿ ಬಣ್ಣದ ಅಂಗಿ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಜಾಲರಿ ಸಟ್ಟುಗ ಹಿಡಿದು ಕಲ್ಲಾಗಿದ್ದಳು. ನಡುಮನೆಯ ತುಂಬ ಚಿಕ್ಕಪ್ಪನ ಬೀಗರು. ಅವರ ಎದುರಿಗೆ ಏನೆಂದು ಹೇಳುವುದು? ಅಜ್ಜಿ, ಆ ಅಂಗಿ ಯಾರೋ ತೊಟ್ಟು ಬಿಸಾಕಿದ್ದು, ಅದನ್ನು ಹೊಸದು ಮಾಡಿದ್ದು ನಿನ್ನ ಹಿರೀಸೊಸೆ ಎನ್ನಲೇ? ಪ್ರಿನ್ಸಿಪಾಲರ ಮುಂದೆ ಘನತೆಯ ಬಗ್ಗೆ ಅಷ್ಟು ಮಾತಾಡಿದ ನಾಲಿಗೆ ಒಳಗೆ ಹೋಗಿ ಕೂತಿತು. ಯಾವ ಅವಮಾನವನ್ನು ತೊಳೆಯಲು ಮುದುಕಿ ವರ್ಷ ವರ್ಷ ಕೂತು ಕತೆ ಹೇಳುತ್ತಾಳೋ, ಅದನ್ನೇ ನಾನು ದುಡ್ಡು ಕೊಟ್ಟು ತಂದು ಅವಳ ತೊಡೆಯ ಮೇಲೆ ಇಟ್ಟಂತಾಗಿತ್ತು. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅಜ್ಜಿ ಕತೆ ಹೇಳುತ್ತಲೇ ಒಂದೊಂದಾಗಿ ಗುಂಡುಸೂಜಿ ಕಿತ್ತಳು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮಲ್ಲಿ ಯಾರೂ ಉಡುವುದಿಲ್ಲ. ಅಂಗಿಯಾದರೆ ಕಾಲರಿನ ಒಳಗೆ ಹಚ್ಚುವುದು. ಹೆಬ್ಬೆರಳನ್ನು ಅರಿಶಿನದಲ್ಲಿ ಅದ್ದಿ, ಕಾಲರ್ ಎತ್ತಿ, ರಟ್ಟು ತೆಗೆದಳು. ಕತೆ ಪಾಯಸದವರೆಗೆ ಬಂದಿತ್ತು. ಅಲ್ಲಿಗೆ ನಿಂತಿತು.

ಮೂಗಿನ ಹತ್ತಿರ ಹಿಡಿದು ನೋಡಿದಳು. ಒಂದು ಗೆರೆ, ಮೂರು ಚುಕ್ಕಿ. ಆಮೇಲೆ ಏನೂ ಆಗಲಿಲ್ಲವೆಂಬಂತೆ ಆ ಕಪ್ಪು ಗುರುತಿನ ಮೇಲೆ ದಪ್ಪಕ್ಕೆ ಅರಿಶಿನ ಬಳಿದಳು.

"ಈ ಕಾಲರ್ರು ಬಲೇ ಉದ್ದ ಕಣಮ್ಮ," ಎಂದು ಅಡುಗೆಮನೆಯ ಕಡೆ ಗಟ್ಟಿಯಾಗಿ ಹೇಳಿದಳು. "ಆವಯ್ಯನ ಕತ್ಗೆ ಚುಚ್ತೈತೆ. ಮೊದ್ಲೇ ಅಂಗಿ ಅಂದ್ರೆ ಆಗಾಕಿಲ್ಲ. ಚೀಲ್ದಾಗೆ ಇನ್ನೊಂದು ಕವರ್ ಐತಲ್ಲ, ಅದ್ನ ತತ್ತಾ. ಇದು ಹುಡುಗನ್ಗಿರ್ಲಿ."

ಅಮ್ಮ ಸಟ್ಟುಗ ಅಲ್ಲೇ ಬಿಟ್ಟು ಓಡಿಬಂದು ಬಿಳಿ ಅಂಗಿಯ ಕವರ್ ಕೊಟ್ಟಳು. ಬೀಗರಲ್ಲಿ ಒಬ್ಬರು, ಈಗಿನ ಹುಡುಗರಿಗೆ ಇಂಥ ಕಾಲರೇ ಬೇಕು ಎಂದು ಅಜ್ಜಿಯ ಮಾತಿಗೆ ತಲೆಯಾಡಿಸಿದರು. ಅಜ್ಜಿ ಬಿಳಿ ಅಂಗಿಯ ಕಾಲರನ್ನೂ ಎತ್ತಿ, ಒಳಗೆ ಚೆನ್ನಾಗಿ ನೋಡಿ, ಅರಿಶಿನ ಹಚ್ಚಿ ಪಂಚೆಯ ಮೇಲಿಟ್ಟಳು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದೆವು. ಅಪ್ಪ ಎಂದಿನಂತೆ ಪೇಪರ್ ಹಿಡಿದಿದ್ದ, ಒಳಗೆ ಎಂಥ ಅನಾಹುತ ತಪ್ಪಿತು ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ನನ್ನ ಪಕ್ಕ ಕೂತು, ಮುದುಕಿಗೆ ಕಣ್ಣು ಮಂಜು, ದೇವರು ದೊಡ್ಡವನು ಎಂದು ಪಿಸುಗುಟ್ಟಿದಳು. ನಾನು ಹೂಂ ಎಂದೆ.

ಬಾಗಿಲು ತೆಗೆದ ಮೇಲೆ ಬಿಳಿ ಅಂಗಿ ಚಿಕ್ಕಪ್ಪನ ಮೈಗೆ ಹೋಯಿತು. ಅಜ್ಜಿ ನನ್ನನ್ನು ಕರೆದು ಕಾಫಿಪುಡಿ ಬಣ್ಣದ ಅಂಗಿಯನ್ನು ತಾನೇ ತೊಡಿಸಿದಳು. ಕಾಲರನ್ನು ಎರಡೂ ಕಡೆ ಎಳೆದು ಸರಿಮಾಡಿದಳು. ಹಸಿ ಅರಿಶಿನ ಕತ್ತಿಗೆ ತಣ್ಣಗೆ ತಾಕಿತು.

ಪಂಕ್ತಿ ಕೂತಿತು. ನನ್ನ ಎದುರಿಗೆ ಬೀಗರ ಸಾಲು. ಅವರಲ್ಲಿ ಯಾರಾದರೂ ಅಂಗಿಯನ್ನು ದಿಟ್ಟಿಸುತ್ತಿದ್ದಾರೆಯೇ ಎಂದು ನಾನು ಕದ್ದು ನೋಡುತ್ತಿದ್ದೆ, ಹಿಂದೆಂದೂ ಹಾಗೆ ನೋಡಿದವನಲ್ಲ. ಅಜ್ಜಿ ಪಾಯಸದ ಪಾತ್ರೆ ಹಿಡಿದು ಸಾಲಿನ ಉದ್ದಕ್ಕೂ ಬಡಿಸುತ್ತಾ ಬಂದಳು. ನನ್ನ ಎಲೆಗೆ ಒಂದು ಸೌಟು ಹಾಕಿದಳು. ಇನ್ನೊಂದು ಹಾಕುವ ನೆಪದಲ್ಲಿ ಕಿವಿಯ ಹತ್ತಿರಕ್ಕೆ ಬಗ್ಗಿದಳು.

"ಯಾವನ್ದೋ ಏನೋ ಕಣ್ಲಾ ಅಂಗಿ. ನಂದು ಅಂತ ಯಾವನಾನ ಬಂದು ಕೇಳಿದ್ರೆ ಬಿಚ್ಚಿ ಕೊಟ್ಬುಡು. ಆದ್ರೆ ಉಂಡು ಕೊಡು. ಎಲೆ ಮುಂದ್ಲಿಂದ ಮಾತ್ರ ಏಳ್ಬ್ಯಾಡ."