ಎರೆಭೂತದ ಗರಿಗೆ ಮಗ್ಗದ ಎಣ್ಣೆ

ಶೇಂಗಾ ಹುರಿಯುತ್ತಿದ್ದೆ. ಕೈ ಬಿಟ್ಟರೆ ಹೊತ್ತುತ್ತದೆ. ಆಗಲೇ ಫೋನು ಬರಬೇಕೇ? ಯಳವತ್ತಿಯಿಂದ ನಮ್ಮಣ್ಣ.

"ತಂಗಿ, ಆ ಗರಿ ಜ್ವಾಕಿ ಐತಿಲ್ಲ? ಹಕ್ಕಿ ಮೇಡಂ ಬಂದಾರ. ಮಧ್ಯಾಹ್ನ ನಿಮ್ಮ ಮನೀಗೇ ಕರ್ಕೊಂಡು ಬರ್ತೀನಿ."

"ಐತಿ, ದೇವರ ಜಗಲಿ ಮ್ಯಾಲ ಐತಿ. ಬಾ" ಎಂದೆ. ಒಲೆ ಆರಿಸಿ ಜಗಲಿಗೆ ಕೈ ಹಾಕಿದೆ. ಸುತ್ತಿಟ್ಟ ಬಟ್ಟೆ ಇದೆ, ಒಳಗೆ ಗರಿ ಇಲ್ಲ!

ಅಣ್ಣನ ಹೊಲದ ಪಕ್ಕ ಉಳದೆ ಬಿಟ್ಟ ಹುಲ್ಲಿನ ಬಯಲಿದೆ. ಹದಿನೈದು ದಿನದ ಹಿಂದೆ ಅಲ್ಲಿ ಅವನಿಗೆ ಎರೆಭೂತ ಕಂಡಿತಂತೆ. (ಹೆದರಬೇಡಿ, ಅದು ಹಕ್ಕಿ. ಎರೆ ನೆಲದಲ್ಲಿ ಸೊಂಟದೆತ್ತರ ನಿಂತು ಕತ್ತೆತ್ತಿ ನೋಡುತ್ತದೆ. ಈಗ ಅಳಿದೇ ಹೋಗುವ ಹಂತಕ್ಕೆ ಬಂದಿದೆ.) ಅಣ್ಣನದು ಗುಂಡಿ ಒತ್ತುವ ಹಳೆ ಫೋನು, ಫೋಟೊ ಎಲ್ಲಿಂದ ಬರಬೇಕು? ಊರವರು ನಂಬಲಿಲ್ಲ. "ಬರ್ರಿ ಭೂತಪ್ಪಾರ, ಇವತ್ತ ಏನ್ ಕಂಡ್ರಿ?" ಎಂದು ಚಾ ಅಂಗಡಿಯಲ್ಲಿ ಕಿಚಾಯಿಸಿದರು. ಅವನ ಬಳಿ ಇದ್ದ ಸಾಕ್ಷಿ ಒಂದೇ, ಹುಲ್ಲಿನಲ್ಲಿ ಸಿಕ್ಕ ಉದ್ದನೆ ಗರಿ. ತನ್ನ ಮನೆಯಲ್ಲಿ ಇಲಿ ಕಾಟವೆಂದು ನನ್ನ ಕೈಗೆ ಕೊಟ್ಟಿದ್ದ.

ಆ ಬಯಲಿನ ಮೇಲೆ ದೊಡ್ಡ ಕರೆಂಟು ತಂತಿ ಹಾಯಲಿದೆ. ಯಾವ ಜೀವಿ ಎಲ್ಲಿ ಉಳಿದಿದೆ, ಎಷ್ಟು ಅಪಾಯದಲ್ಲಿದೆ ಎಂದು ಪಟ್ಟಿ ಮಾಡುವ ತಂಡವೊಂದು ಈ ಕಡೆ ಸುತ್ತುತ್ತಿದೆ. ಹಕ್ಕಿ ಮೇಡಂ ಆ ತಂಡದವರು. ಎರೆಭೂತ 'ಇದೆ' ಎಂದು ಅವರು ಬರೆದರೆ ತಂತಿ ಬೇರೆ ದಾರಿ ಹಿಡಿಯಬಹುದು. 'ಇಲ್ಲ' ಎಂದರೆ ಮುಗಿಯಿತು. ಅಷ್ಟು ಭಾರದ ಹಕ್ಕಿ, ಹಾರುವಾಗ ತಂತಿ ಕಾಣದೆ ಬಡಿದುಕೊಂಡು ಸಾಯುತ್ತದಂತೆ.

ಹಾಗಾದರೆ ಗರಿ ಎಲ್ಲಿ?

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಪೂಜೆ. ಹಿಂದಿನ ದಿನ ಜಗಲಿಯ ಮೇಲೆ ಇಟ್ಟದ್ದೆಲ್ಲ ಮಗ್ಗದ ಪಾಲು. ಎಣ್ಣೆ, ಹೊಸ ಹುರಿ, ಊದುಬತ್ತಿ, ಏನೇ ಇರಲಿ. ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಇನ್ನು ನಾನು ಗರಿ ಇಟ್ಟದ್ದು ಯಾವತ್ತು? ಅಮಾವಾಸ್ಯೆಯ ಹಿಂದಿನ ದಿನವೇ!

ಮಗ್ಗದ ಕೋಣೆಗೆ ಓಡಿದೆ. ಗರಿ ಎಣ್ಣೆ ಬಟ್ಟಲಲ್ಲಿ ನಿಂತಿತ್ತು. ಮಗ್ಗದ ಸಂದಿಗೆ ಎಣ್ಣೆ ಹಚ್ಚಲೆಂದು ನಮ್ಮ ಮನೆಯವರು ಎರಡೂ ಬದಿ ಕತ್ತರಿಸಿ, ತುದಿಯ ಕುಚ್ಚು ಮಾತ್ರ ಉಳಿಸಿದ್ದರು. ಅದಕ್ಕೂ ಕಪ್ಪು ಜಿಡ್ಡು.

"ಮಗ್ಗಕ್ಕಂತ ನೀನೇ ಇಟ್ಟೀ ಅಂದ್ಕೊಂಡೆ. ಭಾಳ ಚಲೋ ಐತಿ, ಲಾಳಿ ಹೆಂಗ ಓಡ್ತೈತಿ ನೋಡು!" ಎಂದರು.

ಯಾರನ್ನು ಬೈಯಲಿ?

ಮಧ್ಯಾಹ್ನ ಅಣ್ಣ ಮೇಡಂ ಜೊತೆ ಬಂದ. ನಡುವಯಸ್ಸಿನ ಹೆಣ್ಣುಮಗಳು, ಮಾತು ನಮ್ಮ ಕಡೆಯದೇ. ಗರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಬಣ್ಣ ಇಲ್ಲ, ಗೀರು ಇಲ್ಲ. ಯಾವ ಹಕ್ಕೀದು ಅಂತ ಹೆಂಗ ಹೇಳ್ಲಿರಿ?"

ಅಣ್ಣನ ಮುಖ ಇಳಿಯಿತು. ತಟ್ಟನೆ ಹೇಳಿದ, "ನಮ್ಮ ತಂಗೀನೂ ನೋಡ್ಯಾಳ್ರಿ! ಅವತ್ತ ಹೊಲಕ್ಕ ಬಂದಿದ್ಲು."

ಹೋಗಿದ್ದೇನೋ ನಿಜ. ಬುತ್ತಿ ಬಿಚ್ಚುತ್ತಿದ್ದೆ. ಅಣ್ಣ ಕೂಗಿ, ನಾನು ತಲೆ ಎತ್ತುವಷ್ಟರಲ್ಲಿ ಬರೀ ಹುಲ್ಲು ಅಲ್ಲಾಡುತ್ತಿತ್ತು.

ಮೇಡಂ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. "ನೀವು ಕಣ್ಣಾರೆ ನೋಡೀರೇನ್ರಿ ಅಕ್ಕಾರ?"

ಒಳಗೆ ಮಗ್ಗದ ಸದ್ದೂ ನಿಂತಿತು. ಒಂದು 'ಹೂಂ' ಸಾಕು. ಹಕ್ಕಿ ಉಳಿಯುತ್ತದೆ, ಅಣ್ಣನ ಮಾನ ಉಳಿಯುತ್ತದೆ. ಇಷ್ಟಕ್ಕೆ ದೇವರು ಸಿಟ್ಟಾಗುತ್ತಾನೆಯೇ? ಜಗಲಿಯ ಕಡೆ ನೋಡಿದೆ. ದೀಪ ಉರಿಯುತ್ತಿತ್ತು. ಅದರ ಮುಂದೆ ನಿಂತು ಹೇಗೆ ಹೇಳಲಿ?

"ಇಲ್ರಿ. ನಾ ನೋಡಿಲ್ಲ. ಹುಲ್ಲು ಅಳ್ಳಾಡಿದ್ದಷ್ಟ ನೋಡೀನಿ."

"ನೀ ನಮ್ಮವ್ವನ ಮಗಳ ಹೌದೇನ?" ಅಣ್ಣ ಎದ್ದು ನಿಂತ.

"ಕುಂಡ್ರಿ ಅಣ್ಣಾರ" ಎಂದರು ಮೇಡಂ. "ಇಲ್ಲದ ಕಡೆ ಐತಿ ಅಂತ ಬರದ್ರ, ಖರೆ ಇರೋ ಕಡೆ ಕಾಯೋ ಮಂದೀನ ಇಲ್ಲಿಗೆ ಕಳಸ್ತಾರ. ಕಾಯೋರು ಮೊದಲ ಕಡಿಮಿ ಅದಾರ್ರಿ."

"ಹಂಗಾದ್ರ ಇಲ್ಲ ಅಂತ ಬರೀತೀರಿ?" ಅಣ್ಣ ಕೇಳಿದ.

"ಹುಡುಕದೇ 'ಇಲ್ಲ' ಅನ್ನಾಕ ಬರೂದಿಲ್ಲ. 'ಮಾಹಿತಿ ಸಾಲದು' ಅಂತ ಬರೀತೀನಿ. ಮಳಿ ಆದಮ್ಯಾಲ ನಿಮ್ಮ ಹೊಲದಾಗ ಬಂದು ಕುಂಡ್ರತೀನಿ. ಅಲ್ಲೀತನ ತಡೀರಿ ಅಂತ ತಂತಿಯವರಿಗೆ ಪತ್ರ ಬರೀತೀನಿ. ಕೇಳೋದು ಬಿಡೋದು ಅವರಿಗೆ ಬಿಟ್ಟದ್ದು."

'ಇಲ್ಲ' ಎಂದು ಗೀಟು ಎಳೆಯಲಿಲ್ಲವಲ್ಲ, ಅಷ್ಟಕ್ಕೇ ದೇವರಿಗೆ ಕೈಮುಗಿದೆ. ಚಾ ಅಂಗಡಿಯಲ್ಲಿ ಅಣ್ಣನನ್ನು ಸುಳ್ಳ ಎಂದವರು ಒಮ್ಮೆಯಾದರೂ ಆ ಹುಲ್ಲಿನ ತನಕ ನಡೆದು ಹೋಗಿದ್ದರೇ? ನಾವು ಯಾರ ಬಗ್ಗೆಯಾದರೂ ತೀರ್ಮಾನ ಹೇಳುವ ಮುಂಚೆ ಒಂದು ಮಳೆಗಾಲ ಕಾಯುತ್ತೇವೆಯೇ?

ಅಣ್ಣ ಚಾ ಮುಟ್ಟಲಿಲ್ಲ. ಮೇಡಂರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟ. "ಬಿಟ್ಟು ಬಾ, ಉಂಡು ಹೋಗೀಯಂತ" ಎಂದೆ. ತಿರುಗಿ ನೋಡಲಿಲ್ಲ.

ಜೋಳದ ಹಿಟ್ಟಿಗೆ ಎಸರು ಹಾಕಿ ಕೂತೆ. ಅವನ ಪಾಲಿನ ರೊಟ್ಟಿಯನ್ನೂ ಬಡಿಯಲೋ, ಬೇಡವೋ?