ಮಗ್ಗದ ಮನೆಗೊಂದು ಪ್ರೊಸೆಸರ್

ಗೆಳೆಯರೇ, ತಿಂಗಳಿಡೀ ನೆಟ್‌ನಲ್ಲಿ ಓದಿ ನಾನು ತಲೆಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಇವತ್ತು ಅವ್ವ ಎರಡೇ ಮಾತಿನಲ್ಲಿ ಮುಗಿಸಿದಳು.

ಮನೆಗೆ ಕಂಪ್ಯೂಟರ್ ಬೇಕಿತ್ತು. ನನಗೆ ಗೇಮ್ ಆಡಲು, ಅವ್ವನಿಗೆ ಸಿನಿಮಾ ನೋಡಲು. ಬನಹಟ್ಟಿಯಿಂದ ಜಮಖಂಡಿಯ ಅಂಗಡಿಗೆ ಇಬ್ಬರೂ ಹೋದೆವು. ನನ್ನ ಕಣ್ಣು ಗೇಮ್ ಸರಾಗ ಓಡಿಸುವ ನಾಲ್ಕು ಕೋರಿನ ಪ್ರೊಸೆಸರ್ ಮೇಲೆ. ಅಂಗಡಿಯವನು ಎರಡು ಕೋರಿನದೇ ಸಾಕೆಂದು ಹಟ ಹಿಡಿದ.

"ಅದು ಭಾಳ ಕಾಯತೈತ್ರಿ. ತಂಪ ಮಾಡಾಕ ಒಳಗಿನ ಫ್ಯಾನ್ ಜೋರ್ ತಿರಗತೈತಿ. ಅವ್ವಾರಿಗೆ ಸಿನಿಮಾ ನೋಡಾಕ ಕಿರಿಕಿರಿ ಆಗತೈತಿ."

ಅಷ್ಟಕ್ಕೇ ಬಿಡದೆ, ಅಂಗಡಿಯಲ್ಲಿದ್ದ ಅಂಥದೇ ಕಂಪ್ಯೂಟರಿನಲ್ಲಿ ಗೇಮ್ ಹಾಕಿ ಫ್ಯಾನಿನ ಸದ್ದನ್ನೂ ಕೇಳಿಸಿದ. ನಿಜಕ್ಕೂ ಗುಂಯ್ ಎಂದಿತು. ನನ್ನ ನಾಲ್ಕು ಕೋರು ಹೋಯಿತು ಅಂದುಕೊಂಡೆ.

ಅವ್ವ ಬಗ್ಗಿ ಕಿವಿಗೊಟ್ಟಳು. "ಇದಕ್ಕ ಸದ್ದ ಅಂತಾರೇನೋ ತಮ್ಮಾ? ನಮ್ಮ ಮನ್ಯಾಗ ನಾಕ ಪವರ್‌ಲೂಮ್ ಅದಾವ."

"ಮಗ್ಗ ನಿಂತಾಗ ಕೇಳಸತೈತಲ್ರೀ ಅವ್ವಾರ?"

"ಮಗ್ಗ ನಿಂದ್ರೂದ ಕರೆಂಟ್ ಹೋದಾಗ. ಅವಾಗ ನಿನ್ನ ಫ್ಯಾನ್ ಏನ ಗಾಳಿಗೆ ತಿರಗತೈತೇನ?"

ಅಂಗಡಿಯವನು ನಾಲ್ಕು ಕೋರಿನ ಡಬ್ಬಿ ಕೆಳಗಿಳಿಸಿದ.

ಈಗ ಸಂಜೆ. ಅವ್ವ ಹೊಸ ಕಂಪ್ಯೂಟರಿನ ಮುಂದೆ ಸಿನಿಮಾ ಹಾಕಿಸಿಕೊಂಡು ಕೂತಿದ್ದಾಳೆ. ಗೋಡೆಯಾಚೆ ನಾಲ್ಕೂ ಮಗ್ಗ ಓಡುತ್ತಿವೆ. ಫ್ಯಾನಿನ ಸದ್ದು ಒಂಚೂರೂ ಕೇಳುತ್ತಿಲ್ಲ. ಸಿನಿಮಾದ್ದೂ ಕೇಳುತ್ತಿಲ್ಲ. ಆದರೂ ಅವ್ವ ನಗಬೇಕಾದಲ್ಲಿ ಸರಿಯಾಗಿ ನಗುತ್ತಿದ್ದಾಳೆ. ಮಗ್ಗದ ಮನೆಯವಳು, ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ.

ದಂಡವಾದದ್ದು ಸ್ಪೀಕರ್ ಒಂದೇ.